ನೇಮಣ್ಣ ಕೊಲೆ ಬರೆಯುವುದನ್ನು ಬಿಟ್ಟ ವರ್ಷ

ಹೋದ ತಿಂಗಳು ತಂಗಿಯ ಬಸುರಿ ಮಗಳ ಕುಬಸಕ್ಕೆಂದು ಅಥಣಿಯಿಂದ ನಿಪ್ಪಾಣಿಗೆ ಹೋಗಿದ್ದೆ. ಬಸ್ಸಿಳಿದು ಹಳೆ ಪೇಟೆಯ ಕಡೆ ಹೊರಳಿದ್ದೇ ತಡ, ತಂಬಾಕಿನ ಘಾಟು ಮೂಗಿಗೆ ಬಡಿದು ಸೀನಿನ ಮೇಲೆ ಸೀನು ಶುರುವಾಯಿತು. ಹಣ್ಣಿನ ಗಾಡಿಯವನು ನಕ್ಕು, “ಹೊಸಬ್ರೇನ್ರಿ ಊರಿಗೆ?” ಅಂದ. ಆ ಊರಿನಲ್ಲಿ ಹೊರಗಿನವರ ಗುರುತು ಸೀನಿನಿಂದಲೇ ಹತ್ತುವುದು. ನಾನೂ ಒಂದು ಕಾಲಕ್ಕೆ ಅಲ್ಲಿ ಸೀನದೆ ಬಾಳಿದವಳು ಎಂದು ಅವನಿಗೆ ಹೇಳಬೇಕೆನಿಸಿತು, ಹೇಳಲಿಲ್ಲ. ಮೂಗಿಗೆ ಸೆರಗು ಹಿಡಿದು ನಿಂತಲ್ಲೇ ನೇಮಣ್ಣನವರ ನೆನಪಾಯಿತು.

ಎಂಬತ್ತರ ದಶಕದ ನಡುವಿನ ವರ್ಷಗಳವು. ನಾನು ರಾಯಬಾಗದ ಹುಡುಗಿ. ಟೈಪಿಂಗಿನ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ ನಿಪ್ಪಾಣಿಯ ಒಂದು ಟೈಪಿಂಗ್ ಕ್ಲಾಸಿನಲ್ಲಿ ಕಲಿಸುವ ಕೆಲಸಕ್ಕೆ ಸೇರಿದ್ದೆ. ಬಟ್ಟೆ ಅಂಗಡಿಯ ಮೇಲಿನ ಉದ್ದನೆಯ ಖೋಲಿ. ಸಾಲಾಗಿ ಇಂಗ್ಲಿಷ್ ಮತ್ತು ಮರಾಠಿ ಮಷಿನ್ನುಗಳು, ಮೂಲೆಯಲ್ಲಿ ಒಂದೇ ಒಂದು ಕನ್ನಡದ್ದು. ಆ ಕನ್ನಡ ಮಷಿನ್ನಿಗಾಗಿಯೇ ನೇಮಣ್ಣ ನಮ್ಮ ಮೆಟ್ಟಿಲು ಹತ್ತಿದ್ದು.

ಅವರು ತಂಬಾಕು ಕೂಡಿಡುವ ವಖಾರಿಯೊಂದರಲ್ಲಿ ದಿವಾನಜಿ. ಚೀಲಗಳ ತೂಕ ಬರೆದುಕೊಳ್ಳುವ, ಕೆಲಸದ ಹೆಂಗಸರ ಹಾಜರಿ ಹಿಡಿಯುವ ಗುಮಾಸ್ತಿಕೆ. ಭೋಜ ಎಂಬ ಹಳ್ಳಿಯ ಹತ್ತಿರದ ಜೈನ ಒಕ್ಕಲು ಮನೆತನ. ನಲವತ್ತು ದಾಟಿದ ತೆಳ್ಳಗಿನ ಆಳು, ತಲೆಗೆ ಬಿಳಿ ಟೋಪಿ. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕು, ನೀರು ಸೋಸಿಯೇ ಕುಡಿಯಬೇಕು. ನನ್ನ ಮೇಜಿನ ಮೇಲೆ ಇರುವೆ ಹರಿದರೆ ಊದಿ ಪಕ್ಕಕ್ಕೆ ಸರಿಸುತ್ತಿದ್ದರು. ಇಂಥ ಮನುಷ್ಯ ‘ಭೋಜಕರ’ ಎಂಬ ಹೆಸರಿನಲ್ಲಿ ವರ್ಷಕ್ಕೆ ನಾಲ್ಕೈದು ಕೊಲೆಯ ಕಾದಂಬರಿ ಬರೆಯುತ್ತಿದ್ದರು. ಬೆಳಗಾವಿಯಿಂದ ವಿಜಾಪುರದವರೆಗೆ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಅವು ದಾರಕ್ಕೆ ಜೋತುಬಿದ್ದಿರುತ್ತಿದ್ದವು. ಮುಖಪುಟದ ಮೇಲೆ ಚೂರಿ, ಚೀರುವ ಹೆಣ್ಣುಮಗಳು, ಹಿಂದೊಂದು ಕಪ್ಪು ಕೋಟು.

ಅವರ ಕೈಬರಹ ಯಾರಿಗೂ ತಿಳಿಯುತ್ತಿರಲಿಲ್ಲ. “ನಿಮ್ಮ ಅಕ್ಷರಾ ಓದೂದಕಿಂತಾ ಕೊಲಿ ಮಾಡಿದಾಂವನ್ನ ಹುಡುಕೂದು ಸಸಾರ ಐತಿ” ಎಂದು ಹುಬ್ಬಳ್ಳಿಯ ಪ್ರಕಾಶಕರು ಬೈದಿದ್ದರಂತೆ. ಹಾಗಾಗಿ ಟೈಪು. ವಖಾರಿ ಮುಗಿದ ಮೇಲೆ ಬಂದು ನನ್ನ ಪಕ್ಕ ಕೂತು ಅವರು ಓದುವುದು, ನಾನು ಬಡಿಯುವುದು. ಮಧ್ಯದಲ್ಲಿ ನಿಲ್ಲಿಸಿ ಸಲಹೆ ಕೇಳುತ್ತಿದ್ದರು.

“ಬಾಯಾರ, ನಮ್ಮ ಈ ಸರದಾರನ್ನ ಕುತ್ತಗಿ ಹಿಚಕಿ ಕೊಲ್ಲೂಣೋ, ವಿಷಾ ಹಾಕೂಣೋ?”

ಕಲಿಯಲು ಬಂದ ಹುಡುಗಿಯರೆಲ್ಲ ಕೀಲಿ ಬಡಿಯುವುದನ್ನು ನಿಲ್ಲಿಸಿ ಇತ್ತ ನೋಡುತ್ತಿದ್ದರು.

“ಕುತ್ತಗಿ ಬ್ಯಾಡ್ರಿ, ಪಾಪ.”

“ನನಗೂ ಪಾಪ ಅನಸ್ತ್ರಿ. ವಿಷಾನ ಹಾಕೂಣು. ನಿದ್ದಿಯೊಳಗ ಹೋಗ್ಲಿ.”

ಕೊಲೆ ಬರೆಯಬೇಕೆಂದು ಅವರೇನೂ ಹೊರಟವರಲ್ಲ. ಸಣ್ಣವರಿದ್ದಾಗ ತೋಟದ ಮನೆಯಲ್ಲಿ ಅವರ ಅಜ್ಜಿ ದೆವ್ವದ ಕಥೆ ಹೇಳುತ್ತಿದ್ದರಂತೆ. ಅಂಥದ್ದೇ ಒಂದನ್ನು ಕಾದಂಬರಿ ಮಾಡಿ ಹುಬ್ಬಳ್ಳಿಗೆ ಕಳಿಸಿದರು. ಒಂದು ಕೊಲೆ ಸೇರಿಸಿದರೆ ಅಚ್ಚು ಹಾಕುತ್ತೇವೆ ಎಂದು ಉತ್ತರ ಬಂತು. “ಒಂದ ಸೇರಸಿದ್ನಿ. ಆಮ್ಯಾಲ ನಿಂದ್ರಲೇ ಇಲ್ಲ ನೋಡ್ರಿ” ಎಂದು ನಗುತ್ತಿದ್ದರು. ಪತ್ತೇದಾರ ಜಯವಂತನೆಂಬವನನ್ನು ಹುಟ್ಟಿಸಿದರು. ಕಡೆಯ ಅಧ್ಯಾಯದಲ್ಲಿ ಜಯವಂತ ಎಲ್ಲರನ್ನೂ ಒಂದು ಪಡಸಾಲೆಯಲ್ಲಿ ಕೂರಿಸುತ್ತಾನೆ, ಒಬ್ಬೊಬ್ಬರ ಮುಖ ನೋಡುತ್ತಾನೆ, ಕೊಲೆಗಾರ ಕುಸಿದು ಎಲ್ಲ ಒಪ್ಪಿಕೊಳ್ಳುತ್ತಾನೆ. ಓದುಗರಿಗೆ ಅದೇ ಬೇಕಾಗಿತ್ತು.

ಮನೆಯಲ್ಲಿ ಅವರ ಹೆಂಡತಿ ಪದ್ಮಕ್ಕ ಒಂದು ಪುಸ್ತಕವನ್ನೂ ಓದಿದವರಲ್ಲ. “ಬರಿಯಾಂವ್ರನ್ನ ನೋಡಿದ್ರ ಸಾಕಾಗೇತ್ರಿ. ಕೊಲಿ ಬರದ ದಿನಾ ಹಿತ್ತಲಕ ಹೋಗಾಕ ನಾ ಕಂದೀಲಾ ಹಿಡಕೊಂಡ ಮುಂದ ನಡೀಬೇಕು” ಎಂದು ನನ್ನೆದುರೇ ಹಾಸ್ಯ ಮಾಡುತ್ತಿದ್ದರು. ನೇಮಣ್ಣ ಅಲ್ಲಗಳೆಯುತ್ತಿರಲಿಲ್ಲ. ಅಂಜುಬುರುಕತನ ಅವರಿಗೆ ನಾಚಿಕೆಯ ಸಂಗತಿಯಾಗಿರಲಿಲ್ಲ, ಬಂಡವಾಳವಾಗಿತ್ತು.

ಆ ವರ್ಷ ಮಳೆ ಜೋರು ಹಿಡಿಯಿತು. ವೇದಗಂಗೆ, ದೂಧಗಂಗೆ ಎರಡೂ ತುಂಬಿ ಭೋಜದ ಕಡೆಯ ಬಸ್ಸುಗಳು ಒಂದು ದಿನ ಓಡಿದರೆ ಎರಡು ದಿನ ನಿಲ್ಲುತ್ತಿದ್ದವು. ಪೇಟೆಯ ಹಾದಿಯಲ್ಲಿ ಕೆಸರು. ವಖಾರಿಗಳ ಬಾಗಿಲು ಮುಚ್ಚಿ ಒಳಗೆ ತಂಬಾಕಿನ ಪುಡಿ ದಟ್ಟೈಸಿ ಹೆಂಗಸರು ಕೆಮ್ಮುತ್ತ ಜರಡಿ ಹಿಡಿಯುತ್ತಿದ್ದರು. ಅವರಲ್ಲಿ ತಾನೂಬಾಯಿ ಒಬ್ಬಳು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡವಳು. ಇದ್ದ ಒಬ್ಬ ಮಗಳು ಮಾಲನ್‌ಳನ್ನು ಎರಡು ವರ್ಷದ ಹಿಂದೆ ಭೋಜದ ಹೊರಗಿನ ಒಂದು ತೋಟದ ವಸ್ತಿಗೆ ಮದುವೆ ಮಾಡಿಕೊಟ್ಟಿದ್ದಳು. ಹತ್ತಾರು ಮನೆಗಳ ಆ ವಸ್ತಿಯಲ್ಲೇ ನೇಮಣ್ಣನವರ ಅಣ್ಣ ಆದಪ್ಪನ ಮನೆ, ಹೊಲ.

ಆಷಾಢದ ಒಂದು ಬೆಳಿಗ್ಗೆ ಮಾಲನ್ ಬಾವಿಗೆ ಬಿದ್ದು ಸತ್ತಳೆಂದು ಸುದ್ದಿ ಬಂತು. ನೀರು ತರಲು ಹೋದವಳು ಕಾಲು ಜಾರಿ ಬಿದ್ದಳು ಎಂದು ಗಂಡನ ಮನೆಯವರು ಹೇಳಿದರು, ಪೊಲೀಸರು ಹಾಗೆಯೇ ಬರೆದುಕೊಂಡರು. ವಖಾರಿಯ ಹೆಂಗಸರ ಜೊತೆ ನೇಮಣ್ಣನೂ ಮಣ್ಣಿಗೆ ಹೋಗಿಬಂದರು. ಬಂದವರು ಎರಡು ವಾರ ನಮ್ಮ ಮೆಟ್ಟಿಲು ಹತ್ತಲಿಲ್ಲ.

ಮತ್ತೆ ಅವರು ಬಂದ ದಿನವೇ ತಾನೂಬಾಯಿ ಅವರನ್ನು ಹುಡುಕಿಕೊಂಡು ಮೇಲೆ ಬಂದಳು. ನಾವು ಹೊಸ ಕಾದಂಬರಿಯ ಕಡೆಯ ಅಧ್ಯಾಯಕ್ಕೆ ಕೂತಿದ್ದೆವು. ಅವಳ ಸೀರೆಯ ತುಂಬ ತಂಬಾಕಿನ ಪುಡಿ, ಮಳೆಗೆ ನೆನೆದು ಕಂದು ಬಣ್ಣದ ಗೆರೆಗಳಾಗಿ ಇಳಿದಿತ್ತು. ಹುಡುಗಿಯರು ಸೀನಿದರು. ಅವಳು ಬಾಗಿಲಲ್ಲೇ ಕೂತಳು.

“ದಿವಾನಜಿ, ನಿಮ್ಮ ಬುಕ್ಕಿನ್ಯಾಗ ಕಡೀಕ ಎಲ್ಲಾ ಗೊತ್ತಾಗತೈತೆಲ್ಲ. ಯಾರ ಮಾಡ್ಯಾರ, ಯಾಕ ಮಾಡ್ಯಾರ, ಎಲ್ಲಾ. ವಖಾರ್ಯಾಗ ಊಟದ ಸುಟ್ಟಿಯಾಗ ಓದಿ ಹೇಳೂದನ್ನ ನಾನೂ ಕೇಳೇನಿ. ನನ್ನ ಮಾಲನ್‌ಗ ಏನಾತು, ಅದೊಂದ ಹೇಳ್ರಿ.”

“ಅದೆಲ್ಲಾ ಸುಳ್ಳ ಕಥಿ ತಾನೂಬಾಯಿ. ಮನ್ಯಾಗ ಕುಂತ ಬರಿಯೂದು. ನನಗೇನ ಗೊತ್ತಾಗತೈತಿ?”

“ನೀವ ಅದ ವಸ್ತಿಯಾವ್ರು. ಆ ಬಾವಿ ನಿಮಗ ಗೊತ್ತಿಲ್ಲೇನ? ಆ ಬಾವಿಗೆ ನೀರಿಗೆ ಯಾರ ಹೋಗ್ತಾರ, ಹೇಳ್ರಿ.”

ನೇಮಣ್ಣ ಕೈಯಲ್ಲಿದ್ದ ಹಾಳೆಯನ್ನು ಬೋರಲು ಹಾಕಿದರು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಮಂಡಿಗೆ ಕೈಯೂರಿ ಎದ್ದು ಇಳಿದುಹೋದಳು.

ಏನೆಂದು ಕೇಳಿದೆ. ಹೇಳಲೋ ಬೇಡವೋ ಎಂದು ಒದ್ದಾಡಿ ಕಡೆಗೆ ಹೇಳಿದರು. ಅದು ಮಾಲನ್‌ಳ ಗಂಡನ ಮನೆಯವರ ಬಾವಿ. ಮೋಟಾರು ಕೂರಿಸಿದ ಮೇಲೆ ನೀರೆಲ್ಲ ಮನೆಯ ಮುಂದಿನ ಟಾಕಿಗೇ ಬರುತ್ತದೆ, ಹೆಂಗಸರು ಕೊಡ ತುಂಬಿಕೊಳ್ಳುವುದು ಅಲ್ಲೇ. ಬಾವಿಯ ಮೆಟ್ಟಿಲ ಮೇಲೆ ಆಳೆತ್ತರ ಮುಳ್ಳುಕಂಟಿ ಬೆಳೆದಿದೆ. ಹಗ್ಗ ಇಳಿಬಿಡುವ ಗಡಗಡೆಯನ್ನು ಎಂದೋ ಕಿತ್ತುಹಾಕಿದ್ದಾರೆ.

“ಇದರಾಗ ಪತ್ತೇದಾರಿ ಏನೂ ಇಲ್ರಿ ಬಾಯಾರ. ವಸ್ತಿಗೆಲ್ಲಾ ಗೊತ್ತಿದ್ದದ್ದ. ಯಾರೂ ಅನ್ನವಲ್ರು, ಅಷ್ಟ.”

“ಹಂಗಾದ್ರ ನೀವ ಅನ್ರಿ.”

“ನಮ್ಮಣ್ಣನ ಕಬ್ಬಿಗೂ ಅದ ಬಾವಿ ನೀರ ಬರತೈತಿ” ಎಂದು ಕೈಬರಹದ ಹಾಳೆಗಳನ್ನು ಚೀಲಕ್ಕೆ ತುರುಕಿಕೊಂಡರು. ಆ ಕಾದಂಬರಿ ಅಲ್ಲಿಗೆ ನಿಂತಿತು. ಜಯವಂತ ಎಲ್ಲರನ್ನೂ ವಾಡೆಯ ಪಡಸಾಲೆಯಲ್ಲಿ ಕೂರಿಸಿ ಬಾಯಿ ತೆರೆಯುವುದೊಂದೇ ಬಾಕಿ ಇತ್ತು.

ಶ್ರಾವಣದಲ್ಲಿ ಪ್ರಕಾಶಕರು ತಾವೇ ಹುಬ್ಬಳ್ಳಿಯಿಂದ ಬಂದರು. ಕಾದಂಬರಿ ಎಲ್ಲಿ ಎಂದರು. ಬಾವಿಯ ಸುದ್ದಿ ಯಾರಿಂದಲೋ ಅವರ ಕಿವಿಗೆ ಬಿದ್ದು ಹುರುಪು ಬಂತು. “ಅದನ್ನ ಹಾಕ್ರಿ ಭೋಜಕರ! ಹೆಸರ ಬದಲ ಮಾಡಿ ಹಾಕ್ರಿ. ಒಂದ ವಾರದಾಗ ಖಾಲಿ ಆಗತೈತಿ.” ನೇಮಣ್ಣ ಅವರಿಗೆ ಚಹಾ ಕುಡಿಸಿ, ಬಸ್ಸಿನ ತನಕ ಕೊಡೆ ಹಿಡಿದು ಕಳಿಸಿಬಂದರು. ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.

ಅದೇ ವಾರದ ಭಾನುವಾರ ಪದ್ಮಕ್ಕ ನನ್ನನ್ನು ಊಟಕ್ಕೆ ಕರೆದಿದ್ದರು. ಎಲೆ ಹಾಕುವ ಹೊತ್ತಿಗೆ ಆದಪ್ಪ ಬಂದರು. ಮಳೆಗೆಂದು ಹೊದ್ದ ಗೊಂಗಡಿಯಿಂದ ನೀರು ಸೋರುತ್ತಿತ್ತು. ತಾನೂಬಾಯಿ ವಸ್ತಿಯ ಮನೆಮನೆಗೆ ಹೋಗಿ ಕೇಳುತ್ತಿದ್ದಾಳೆಂದೂ, ದಿವಾನಜಿ ಸಾಕ್ಷಿ ಹೇಳುತ್ತಾರೆ ಎಂದು ಯಾರೋ ಹಬ್ಬಿಸಿದ್ದಾರೆಂದೂ ಹೇಳಿದರು. ಊಟಕ್ಕೆ ಕೂತವರು ಅನ್ನಕ್ಕೆ ಕೈ ಹಚ್ಚಲಿಲ್ಲ.

“ನೀ ಅಲ್ಲಿದ್ದೀ ಏನ ನೇಮಾ? ಕಣ್ಣಾರೆ ಕಂಡೀ ಏನ?”

“ಇಲ್ಲ.”

“ಮತ್ತ ಬಾಯಿ ಮುಚಗೊಂಡ ಕಥಿ ಬರಕೋತ ಇರು. ನಾಳೆ ಅವ್ರ ನೀರ ಬಂದ್ ಮಾಡಿದ್ರ ನನ್ನ ಕಬ್ಬಿಗೆ ನಿನ್ನ ಆ ಜಯವಂತ ಬಂದ ನೀರ ಹಾಯಸ್ತಾನೇನ?”

ಸಾರು ಬಡಿಸುತ್ತಿದ್ದ ಪದ್ಮಕ್ಕ ಸೌಟು ಕೆಳಗಿಟ್ಟರು.

“ಭಾವಾರ, ಮಾಲನ್ ದಿನಾ ನಿಮ್ಮ ಮನಿಗೆ ಹಾಲ ಹಾಕಾಕ ಬರ್ತಿದ್ಲಲ್ರಿ. ಹೆಂಗಿದ್ಲ ಹುಡುಗಿ?”

“ಛಲೋ ಹುಡುಗಿ” ಅಂದರು ಆದಪ್ಪ. ಮಳೆ ಹಂಚಿನ ಮೇಲೆ ಬಡಿಯುತ್ತಿತ್ತು. “ಒಮ್ಮೊಮ್ಮೆ ಮುಖದ ಮ್ಯಾಲ ಬಾವು ಬಂದಿರ್ತಿತ್ತು. ಸೆರಗ ಮುಂದ ಎಳಕೊಂಡ ಬರ್ತಿದ್ಲು” ಎಂದರು. ತಾನು ಏನು ಹೇಳಿದೆನೆಂಬುದು ಅವರಿಗೇ ಆಮೇಲೆ ಹೊಳೆದಂತಿತ್ತು. ಎಲೆಗೆ ಕೈಮುಗಿದು ಎದ್ದು, ಹಸಿ ಗೊಂಗಡಿಯನ್ನೇ ಹೊದ್ದುಕೊಂಡು ಹೊರಟುಬಿಟ್ಟರು. ನೇಮಣ್ಣ ಬಾಗಿಲ ತನಕ ಹೋದರು. ಅಣ್ಣ ತಿರುಗಿ ನೋಡಲಿಲ್ಲ.

ಮರುದಿನ ಮಧ್ಯಾಹ್ನ ವಖಾರಿಗೆ ರಜೆ ಹಾಕಿ ನೇಮಣ್ಣ ನನ್ನ ಹತ್ತಿರ ಬಂದರು. ಟೋಪಿ ಕೈಯಲ್ಲಿತ್ತು. “ಠಾಣೆಕ ಹೋಗಬೇಕಂತ ಮಾಡೇನ್ರಿ ಬಾಯಾರ. ಒಬ್ಬನ ಹೋಗಾಕ ಧೈರ್ಯ ಆಗವಲ್ದು.” ಪದ್ಮಕ್ಕ, ತಾನೂಬಾಯಿ, ನಾನು ಮೂವರೂ ಅವರ ಜೊತೆ ಹೋದೆವು. ನಾಲ್ಕು ಜನಕ್ಕೆ ಎರಡು ಕೊಡೆ.

ಠಾಣೆಯ ಸಾಹೇಬರು ಹೆಸರು ಕೇಳಿ ಎದ್ದುನಿಂತರು. “ಭೋಜಕರ ಅಂದ್ರ ನೀವೇನ್ರಿ? ನಮ್ಮ ಮನ್ಯಾಗ ಕಿತ್ತಾಡಿ ಓದ್ತಾರ್ರಿ ನಿಮ್ಮ ಬುಕ್ಕ!” ಎಂದು ಕುರ್ಚಿ ಹಾಕಿಸಿ ಚಹಾ ತರಿಸಿದರು. ಬಂದ ಕಾರಣ ಹೇಳಿದ ಮೇಲೆ ಆ ನಗು ಮೆಲ್ಲಗೆ ಇಳಿಯಿತು.

“ಇದೂ ಒಂದ ಕಥಿ ಅಲ್ಲಲ್ರಿ ಮತ್ತ?”

“ಕಥಿ ಆಗಿದ್ರ ಇಷ್ಟ ಅಂಜತಿದ್ದಿಲ್ರಿ ಸಾಹೇಬ್ರ” ಅಂದರು ನೇಮಣ್ಣ. ಪದ್ಮಕ್ಕ ಚಹಾದ ಕಪ್ಪನ್ನು ಅವರ ಕೈಯಿಂದ ತೆಗೆದು ಮೇಜಿನ ಮೇಲಿಟ್ಟರು.

ಬಾವಿಯ ವಿಷಯ, ಟಾಕಿಯ ವಿಷಯ ಎಲ್ಲ ಹೇಳಿದರು. ಸಾಹೇಬರು ಬರೆದುಕೊಂಡರು, ವಸ್ತಿಗೆ ಹೋಗಿ ನೋಡಿಯೂ ಬಂದರು. ಕೊಲೆ ಎಂದು ಕೇಸು ಹಾಕಲು ಆಧಾರ ಸಾಲದು ಎಂದರು. ಗಂಡ ಮತ್ತು ಅತ್ತೆಯ ಮೇಲೆ ಕಿರುಕುಳದ ಕೇಸಾಯಿತು. ಆದಪ್ಪನನ್ನು ಕೇಳಿದಾಗ, ನನಗೇನೂ ಗೊತ್ತಿಲ್ಲ ಎಂದರಂತೆ.

ಗೊತ್ತಿಲ್ಲ ಎಂದರೂ ನೀರು ಉಳಿಯಲಿಲ್ಲ. ಮಳೆ ನಿಂತ ಕೂಡಲೇ ಬಾವಿಯವರು ಆದಪ್ಪನ ಹೊಲಕ್ಕೆ ನೀರು ಹರಿಯುವ ಪಾಟನ್ನು ಮಣ್ಣುಹಾಕಿ ಮುಚ್ಚಿದರು. ಚಳಿಗಾಲ ಮುಗಿಯುವುದರೊಳಗೆ ಕಬ್ಬಿನ ಗರಿ ಅಂಚಿನಿಂದ ಒಣಗುತ್ತ ಬಂತು. ಆ ದೀಪಾವಳಿಗೆ ನೇಮಣ್ಣ ದಂಪತಿಗೆ ಅಣ್ಣನ ಮನೆಯ ಕರೆ ಬರಲಿಲ್ಲ. ನೇಮಣ್ಣ ದಿನವೂ ವಖಾರಿಗೆ ಹೋಗುತ್ತಿದ್ದರು, ಸಂಜೆ ನಮ್ಮ ಕ್ಲಾಸಿಗೂ ಬರುತ್ತಿದ್ದರು. ನಿಂತುಹೋದ ಅಧ್ಯಾಯವನ್ನು ಮುಂದಿಟ್ಟುಕೊಂಡು ಕೂರುತ್ತಿದ್ದರು. ಒಂದು ವಾಕ್ಯ ಹೇಳುವರು, ನಾನು ಬಡಿಯುವೆ, “ಬ್ಯಾಡ, ತಗೀರಿ” ಎನ್ನುವರು. ಹೀಗೆ ಎಷ್ಟು ಹಾಳೆ ಹರಿದೆವೋ.

ಮರುವರ್ಷದ ಬೇಸಿಗೆಯಲ್ಲಿ ಚಿಕ್ಕೋಡಿಯ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಆಗ ನಿಪ್ಪಾಣಿ ಚಿಕ್ಕೋಡಿ ತಾಲ್ಲೂಕಿಗೇ ಸೇರಿತ್ತು. ಕಾದ ತಗಡಿನಂಥ ಬಸ್ಸಿನಲ್ಲಿ ನಾವೆಲ್ಲ ಹೋದೆವು. ಕಟಕಟೆಯಲ್ಲಿ ನೇಮಣ್ಣ ಇನ್ನೂ ಸಣ್ಣಗೆ ಕಂಡರು. ಆರೋಪಿಗಳ ಪರವಾಗಿ ನಿಂತ ವಕೀಲರು ಗಟ್ಟಿ ದನಿಯವರು. ಅವರ ಕೈಯಲ್ಲಿ ಭೋಜಕರರ ಪುಸ್ತಕಗಳ ಒಂದು ಕಟ್ಟೇ ಇತ್ತು.

“ಇವು ನೀವು ಬರದದ್ದು ಹೌದಲ್ಲೋ?”

“ಹೌದ್ರಿ.”

“ಇದುವರೆಗೆ ಎಷ್ಟು ಕೊಲೆ ಮಾಡೀರಿ?”

ಕೋರ್ಟೆಲ್ಲ ನಕ್ಕಿತು. ನ್ಯಾಯಾಧೀಶರ ತುಟಿಯೂ ಕೊಂಚ ಸಡಿಲವಾಯಿತು. ನೇಮಣ್ಣ ಹಣೆ ಒರೆಸಿಕೊಂಡರು.

“ಎಲ್ಲಾ ಕಲ್ಪನೆ, ಹೌದಲ್ಲೋ? ಆ ಬಾವಿಯ ಕಥೆಯೂ ಹಂಗ ನಿಮ್ಮ ತಲೆಯೊಳಗ ಹುಟ್ಟಿದ್ದು ಅಂದ್ರ ಒಪ್ತೀರಿ?”

“ಒಪ್ಪೂದಿಲ್ರಿ. ನಾ ಬರದದ್ದೆಲ್ಲಾ ಸುಳ್ಳ ಅಂತ ದೇವರ ಮುಂದ ಬೇಕಾದ್ರ ಹೇಳ್ತೇನಿ. ಆದ್ರ ಆ ಬಾವಿ ಮ್ಯಾಲಿನ ಮುಳ್ಳಕಂಟಿ ನಾ ಬೆಳಸಿದ್ದಲ್ರಿ.” ಪ್ರತಿ ಮಾತೂ ಹಿಂದಿನ ಬೆಂಚಿನಲ್ಲಿದ್ದ ನಮಗೆ ಕೇಳಿಸಿತು.

ಆಮೇಲೆ ಆದಪ್ಪನ ಹೆಸರು ಕೂಗಿದರು. ಅವರು ಬರುವುದೇ ಇಲ್ಲವೆಂದು ನಾವು ತಿಳಿದಿದ್ದೆವು. ಒಗೆದ ಧೋತರ, ಹೆಗಲ ಮೇಲೆ ಟಾವೆಲ್ಲು. ತಮ್ಮನ ಕಡೆ ನೋಡದೆ ನೇರ ಕಟಕಟೆ ಹತ್ತಿದರು. ಗೊತ್ತಿಲ್ಲ ಎಂದು ಪೊಲೀಸರಿಗೆ ಹೇಳಿದ್ದಿರಲ್ಲ ಎಂದು ಕೇಳಿದಾಗ, “ಅವತ್ತ ನೀರಿನ ಆಸೆ ಇತ್ರಿ” ಅಂದರು. “ಈಗ ನೀರ ಇಲ್ಲ. ಹುಡುಗಿ ಮುಖದ ಮ್ಯಾಲ ಬಾವು ನೋಡೇನಿ. ಹೊಡಿಯೂದು ನಮ್ಮ ಪಡಸಾಲಿಗೆ ಕೇಳತಿತ್ತು. ಆ ಬಾವಿಗೆ ನೀರಿಗಂತ ಯಾವ ಹೆಂಗಸೂ ಹೋಗೂದಿಲ್ಲ.” ನೇಮಣ್ಣ ಕೂತಲ್ಲೇ ಟೋಪಿ ತೆಗೆದು ಮುಖಕ್ಕೆ ಹಿಡಿದುಕೊಂಡರು. ಪದ್ಮಕ್ಕ ಅವರ ಬೆನ್ನ ಮೇಲೆ ಕೈಯಿಟ್ಟರು.

ತೀರ್ಪು ಬಂದಾಗ ಮತ್ತೆ ಮಳೆ ಹಿಡಿದಿತ್ತು. ಗಂಡನಿಗೂ ಅತ್ತೆಗೂ ಜೈಲಾಯಿತು, ಕಿರುಕುಳಕ್ಕೆ ಆಗುವಷ್ಟು. ಮಾಲನ್‌ಳನ್ನು ದೂಡಿದರೋ ಅವಳೇ ಹಾರಿಕೊಂಡಳೋ, ಅದು ಯಾರಿಗೂ ಇಂದಿಗೂ ಗೊತ್ತಿಲ್ಲ. ನೀರಿಗೆ ಹೋಗಿ ಜಾರಿ ಬಿದ್ದಳೆಂಬ ಮಾತು ನಂಬುವಂಥದ್ದಲ್ಲ ಎಂದು ಮಾತ್ರ ತೀರ್ಪಿನಲ್ಲಿತ್ತು. ಕೋರ್ಟಿನ ಜಗಲಿಯ ಮೇಲೆ ತಾನೂಬಾಯಿ ಆ ಸಾಲನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸಿದಳು.

“ಅಂದ್ರ ನನ್ನ ಮಗಳ ಕಾಲ ಜಾರಿಲ್ಲ.”

“ಇಲ್ಲ ಬಾಯಿ.”

“ಹಂಗಂತ ಸರಕಾರದಾವ್ರು ಬರದಾರ.”

“ಬರದಾರ.”

ಅವಳು ತಲೆಯಾಡಿಸಿ ಆದಪ್ಪನ ಕಡೆ ಹೋದಳು, ಏನೋ ಅಂದಳು. ಆದಪ್ಪ ಕೈಮುಗಿದರು. ಅಣ್ಣತಮ್ಮ ಅಂದು ಒಂದೇ ಬಸ್ಸಿನಲ್ಲಿ ಕೂತು ಬಂದರು. ದಾರಿಯುದ್ದಕ್ಕೂ ಹೊಸ ಬಾವಿ ತೋಡಿಸುವುದೋ ಹೊಳೆಯಿಂದ ಪೈಪು ಎಳೆಸುವುದೋ ಎಂಬ ಚರ್ಚೆಯೇ ನಡೆಯಿತು.

ಕಡೆಯ ಅಧ್ಯಾಯಕ್ಕೆ ನಿಂತ ಆ ಕಾದಂಬರಿಯನ್ನು ನೇಮಣ್ಣ ಮುಗಿಸಲಿಲ್ಲ. ಪ್ರಕಾಶಕರಿಗೆ ಇನ್ನು ಕೊಲೆ ಬರೆಯುವುದಿಲ್ಲ ಎಂದು ಹೇಳಿಕಳಿಸಿದರು. ಯಾಕೆಂದು ನಾನು ಕೇಳಿದ್ದಕ್ಕೆ, “ಜಯವಂತ ಕೇಳಿದ ಕೂಡ್ಲೆ ಎಲ್ಲಾರೂ ಖರೇ ಹೇಳಿಬಿಡ್ತಾರ್ರಿ ಬಾಯಾರ. ಅದನ್ನ ಬರಿಯಾಕ ಈಗ ಕೈ ಏಳವಲ್ದು” ಅಂದರು. ಪ್ರಕಾಶಕರು ಸಿಟ್ಟಾದರು, ಪುಸ್ತಕ ಖರ್ಚಾಗದೆ ಇದ್ದರೆ ನನ್ನನ್ನು ಕೇಳಬೇಡಿ ಎಂದರು. ನೇಮಣ್ಣ ತಮ್ಮ ಅಜ್ಜಿಯ ದೆವ್ವಗಳ ಹತ್ತಿರ ಹಿಂತಿರುಗಿದರು. ಮುಂದಿನ ಹತ್ತು ವರ್ಷ ದೆವ್ವದ ಕಾದಂಬರಿಗಳನ್ನಷ್ಟೇ ಬರೆದರು. ಮೊದಲಿನಷ್ಟು ಅಲ್ಲದಿದ್ದರೂ ಖರ್ಚಾದವು. ತೊಂಬತ್ತರ ದಶಕದಲ್ಲಿ ಮನೆಮನೆಗೆ ಟೀವಿ ಬಂದು ಬಸ್‌ಸ್ಟ್ಯಾಂಡಿನ ದಾರಗಳು ಬರಿದಾದವು. ಅವರ ಹೆಸರೂ ಮರೆಯಾಯಿತು. ತೀರಿಕೊಂಡ ಸುದ್ದಿ ನನಗೆ ಅಥಣಿಯಲ್ಲಿ ತಡವಾಗಿ ತಲುಪಿತು.

ಮದುವೆಯಾಗಿ ಅಥಣಿಗೆ ಹೊರಡುವ ಮುಂಚೆ ನಾನು ಟೈಪು ಮಾಡಿದ ಕಡೆಯದು, ಕೊಲೆ ಬಿಟ್ಟ ಮೇಲೆ ಅವರು ಬರೆದ ಮೊದಲ ದೆವ್ವದ ಕಾದಂಬರಿ. ಸತ್ತ ಸೊಸೆಯೊಬ್ಬಳು ನಡುಮಧ್ಯಾಹ್ನ ಓಣಿಗೆ ಬರುತ್ತಾಳೆ. ಯಾರ ಕುತ್ತಿಗೆಯನ್ನೂ ಹಿಚುಕುವುದಿಲ್ಲ. ಒಂದೊಂದೇ ಬಾಗಿಲು ಬಡಿದು, ಒಂದು ಕೊಡ ನೀರು ಕೊಡ್ರಿ ಎಂದು ಕೇಳುತ್ತಾಳೆ. ಪುಸ್ತಕ ಅಚ್ಚಾಗಿ ಬಂದಾಗ ನೇಮಣ್ಣ ಒಂದು ಪ್ರತಿ ಕೊಟ್ಟು, ವಖಾರಿಯಲ್ಲಿ ಊಟದ ಸುಟ್ಟಿಯಲ್ಲಿ ನೀವೇ ಓದಿ ಹೋಗ್ರಿ ಎಂದರು. ತಾವು ಮಾತ್ರ ತೂಕದ ಕೋಣೆಯಿಂದ ಹೊರಗೆ ಬರಲಿಲ್ಲ.

ತಂಬಾಕಿನ ರಾಶಿಗಳ ನಡುವೆ ಬುತ್ತಿ ಬಿಚ್ಚಿ ಹೆಂಗಸರು ಸುತ್ತ ಕೂತರು. ತಾನೂಬಾಯಿ ಗೋಡೆಗೆ ಆತು ಕೂತಿದ್ದಳು. ಮೊದಲ ಬಾಗಿಲು ಬಡಿದಾಗ ಯಾರೋ ಕಿಸಕ್ಕನೆ ನಕ್ಕರು. ಎರಡನೆಯದಕ್ಕೆ ಯಾರೂ ನಗಲಿಲ್ಲ. ಅಗಿಯುತ್ತಿದ್ದ ಬಾಯಿಗಳು ನಿಂತವು. ಮೂರನೆಯ ಮನೆಯವರು ಚಿಲಕ ಹಾಕಿಕೊಂಡು ಉಸಿರು ಬಿಗಿಹಿಡಿದು ನಿಂತಾಗ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಪಕ್ಕದವಳ ತೋಳು ಹಿಡಿದು, “ಸಾಕ ಮಾಡ್ರಿ ಬಾಯಾರ, ನನಗ ಹೆದರಿಕಿ ಬರಾಕತ್ತೈತಿ” ಅಂದಳು.

ನಾನು ಪುಸ್ತಕ ಮಡಿಸಿದೆ.

“ಓದ್ರಿ” ಅಂದಳು ತಾನೂಬಾಯಿ. ರೊಟ್ಟಿ ಮುರಿಯುವುದನ್ನು ನಿಲ್ಲಿಸಿರಲಿಲ್ಲ. “ಎಲ್ಲಾ ಮನೀಗೂ ಹೋಗಿಬರ್ಲಿ ಅಕಿ.”